ಮುಪ್ಪಿನ ಕಾಲಕ್ಕೊಂದು ಕಡತ

ಮನೆಯ ಯಜಮಾನರು ತೀರಿಕೊಂಡು ಹದಿನೈದು ದಿನಗಳಾಗಿವೆ. ವೈಕುಂಠ ಸಮಾರಾಧನೆ ಮುಗಿದು, ಬಂದ ನೆಂಟರಿಷ್ಟರೆಲ್ಲ ತಮ್ಮ ತಮ್ಮ ಊರು ಸೇರಿದ್ದಾರೆ. ನಡುಮನೆಯಲ್ಲಿ ಹಳೆಯ ತಗಡಿನ ಟ್ರಂಕೊಂದು ಬಾಯಿ ತೆರೆದು ಕುಳಿತಿದೆ. ಅದರ ಮುಂದೆ ಎಪ್ಪತ್ತು ದಾಟಿದ ತಾಯಿ. ಪಕ್ಕದಲ್ಲಿ ರಜೆ ಹಾಕಿ ಬಂದ ಮಗ.

“ಅಮ್ಮಾ, ಅಪ್ಪನ ಪಿಂಚಣಿ ಆದೇಶದ ಪತ್ರ ಎಲ್ಲಿದೆ?”

“ಎಲ್ಲೋ ಜೋಪಾನವಾಗಿ ಇಟ್ಟಿದ್ದರಪ್ಪ. ಕೇಳಿದರೆ, ‘ನಿನಗೇಕೆ ಆ ಚಿಂತೆ, ನಾನಿಲ್ಲವೆ’ ಎನ್ನುತ್ತಿದ್ದರು.”

ಟ್ರಂಕಿನಲ್ಲಿ ಕಾಗದಕ್ಕೇನೂ ಬರವಿಲ್ಲ. ಮೂವತ್ತು ವರ್ಷಗಳ ಹಿಂದಿನ ಲಗ್ನಪತ್ರಿಕೆಗಳು, ಹರಿದ ಪಂಚಾಂಗ, ವಿದ್ಯುತ್ತಿನ ಬಿಲ್ಲುಗಳು, ಯಾವ ಬ್ಯಾಂಕಿನದೆಂದು ತಿಳಿಯದ ಒಂದು ಪಾಸ್‌ಬುಕ್ಕು, ಅರ್ಧ ಜಿರಳೆಯ ಪಾಲಾದ ಒಂದು ಕ್ರಯಪತ್ರ. ಬೇಕಾದುದು ಮಾತ್ರ ಇಲ್ಲ, ಇದ್ದರೂ ಸಿಕ್ಕುತ್ತಿಲ್ಲ. ನಲವತ್ತೈದು ವರ್ಷ ಸಂಸಾರ ಮಾಡಿದ ಆ ತಾಯಿಗೆ, ಆ ಸಂಸಾರದ ಹಣ ಎಲ್ಲೆಲ್ಲಿದೆಯೆಂಬುದೇ ಗೊತ್ತಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಊರು ಬೇರೆ, ಹೆಸರು ಬೇರೆ; ಟ್ರಂಕು ಮಾತ್ರ ಎಲ್ಲ ಕಡೆಯೂ ಒಂದೇ. ದುಡಿದು ಗಳಿಸುವುದರಲ್ಲಿ ಜಾಣರಾದವರು ಗಳಿಸಿದ್ದಕ್ಕೆ ಗುರುತಿಡುವುದರಲ್ಲಿ ಅಸಡ್ಡೆ ತೋರುತ್ತಾರೆ. ಅದರ ದಂಡವನ್ನು ತೆರಬೇಕಾಗಿ ಬರುವುದು ಅವರ ಮುಪ್ಪಿನಲ್ಲಿ. ಅವರು ಹೋದ ಮೇಲೆ ಅವರ ಹೆಂಡತಿ ಮಕ್ಕಳ ಮೇಲೆ.

ದಾಖಲೆಯನ್ನು ಕಾಪಾಡುವುದು ಕನ್ನಡನಾಡಿಗೆ ಹೊಸ ವಿದ್ಯೆಯೇನಲ್ಲ. ಇಂದು ಕಚೇರಿಯ ಫೈಲಿಗೆ ‘ಕಡತ’ ಎನ್ನುತ್ತೇವಷ್ಟೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕಪತ್ರ ಬರೆದಿಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತ. ಕೈ ಉಜ್ಜಿದರೆ ಅಳಿಸಿಹೋಗಬಹುದಾದ ಬಳಪದ ಬರಹವನ್ನೂ ತಲೆಮಾರುಗಳ ಕಾಲ ಕಾಯ್ದುಕೊಂಡ ಜನರ ಮೊಮ್ಮಕ್ಕಳು, ಮುದ್ರೆಯೊತ್ತಿದ ಕಾಗದವನ್ನು ಕಳೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವುದು ವಿಪರ್ಯಾಸವೇ ಸರಿ.

ಹೆಸರು ಮತ್ತು ಹುಟ್ಟಿದ ದಿನ

ಎಲ್ಲ ಹಕ್ಕುಗಳಿಗೂ ಬುನಾದಿ ಎರಡು ಸಂಗತಿಗಳು: ಈತ ಯಾರು, ಈತನ ವಯಸ್ಸೆಷ್ಟು. ಹಿರಿಯ ನಾಗರಿಕರೆನಿಸಿಕೊಳ್ಳಲು ಕಾನೂನಿನಂತೆ 60 ವರ್ಷ ತುಂಬಿರಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇಕಡಾ 20ರಷ್ಟು ಹೆಚ್ಚು ದೊರೆಯುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದವರಿಗೆ ಇಮ್ಮಡಿ. ದಾಖಲೆಯಲ್ಲಿ ಹುಟ್ಟಿದ ವರ್ಷ ತಪ್ಪಾಗಿದ್ದರೆ ಅಷ್ಟು ವರ್ಷಗಳ ಈ ಹಣಕ್ಕೆ ಕುತ್ತು ಬಂದಂತೆ.

ಹೆಸರಿನ ತೊಡಕು ಇನ್ನೂ ಸೂಕ್ಷ್ಮವಾದುದು. ಶಾಲೆಯ ದಾಖಲೆಯಲ್ಲಿ ಊರಿನ ಹೆಸರು ಮುಂದೆ, ಬ್ಯಾಂಕಿನಲ್ಲಿ ತಂದೆಯ ಹೆಸರು ಹಿಂದೆ, ಪಹಣಿಯಲ್ಲಿ ಮನೆಯವರು ಕರೆಯುವ ಮುದ್ದಿನ ಹೆಸರು! ಹೆಣ್ಣುಮಕ್ಕಳ ವಿಷಯವಂತೂ ಕೇಳುವುದೇ ಬೇಡ. ಮದುವೆಯ ದಿನ ಅಕ್ಕಿಯ ಮೇಲೆ ಬರೆಸಿದ ಹೊಸ ಹೆಸರೊಂದು, ತವರಿನ ಹೆಸರೊಂದು. ಊರಿಗೆಲ್ಲ ಗೊತ್ತಿರುವ ಒಬ್ಬ ಅಜ್ಜಿ ಕಚೇರಿಯ ಕಣ್ಣಿಗೆ ಇಬ್ಬರಾಗಿಬಿಡುತ್ತಾಳೆ. ಎಲ್ಲ ಪತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು, ತಂದೆ ಅಥವಾ ಗಂಡನ ಹೆಸರು, ಜನ್ಮದಿನಾಂಕ ಇವು ತಾಳೆಯಾಗುತ್ತವೆಯೇ ಎಂದು ನೋಡಿ, ಕೈಕಾಲು ಗಟ್ಟಿಯಾಗಿರುವಾಗಲೇ ತಿದ್ದಿಸಿಕೊಳ್ಳುವುದು ಜಾಣತನ.

ಪಿಂಚಣಿದಾರರು ಪ್ರತಿವರ್ಷ ನವೆಂಬರಿನಲ್ಲಿ ಬದುಕಿರುವುದಕ್ಕೆ ಸಾಕ್ಷಿಯಾಗಿ ಜೀವಿತ ಪ್ರಮಾಣಪತ್ರ ಸಲ್ಲಿಸುವ ಪದ್ಧತಿಯುಂಟು. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. 2014ರಿಂದ ಬೆರಳಚ್ಚಿನ ಮೂಲಕ ‘ಜೀವನ್ ಪ್ರಮಾಣ್’ ಪತ್ರ ಪಡೆಯುವ ಅನುಕೂಲವೂ ಬಂದಿದೆ. ಸಲ್ಲಿಸಿದ ದಿನಾಂಕವನ್ನು, ರಸೀತಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡವರಿಗೆ ಪಿಂಚಣಿ ನಿಂತರೆ ಪ್ರಶ್ನಿಸುವ ಧೈರ್ಯ ಇರುತ್ತದೆ. ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು ಸರಿಯಾಗಿದೆಯೇ ಎಂದು ಗಂಡನ ಜೀವಿತಕಾಲದಲ್ಲಿಯೇ ನೋಡಿಕೊಂಡರೆ, ಆಕೆ ಮುಂದೆ ಕುಟುಂಬ ಪಿಂಚಣಿಗಾಗಿ ಕಣ್ಣೀರಿನೊಡನೆ ಸಾಲಿನಲ್ಲಿ ನಿಲ್ಲಬೇಕಾಗುವುದಿಲ್ಲ.

ಮರೆತ ಹಣ, ನಾಮಿನಿಯ ಹೆಸರು

ಹತ್ತು ವರ್ಷಗಳ ಕಾಲ ಯಾರೂ ವ್ಯವಹರಿಸದ ಉಳಿತಾಯ ಖಾತೆಯ ಹಣ, ಅವಧಿ ಮುಗಿದು ಹತ್ತು ವರ್ಷವಾದರೂ ಯಾರೂ ಕೇಳದ ಠೇವಣಿಯ ಹಣ, ಎರಡನ್ನೂ ಬ್ಯಾಂಕುಗಳು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ಒಂದು ನಿಧಿಗೆ ವರ್ಗಾಯಿಸುತ್ತವೆ. ಹಾಗೆಂದು ಹಣ ಮುಳುಗಿತೆಂದು ಭಾವಿಸಬೇಕಾದುದಿಲ್ಲ. ಖಾತೆದಾರರಾಗಲಿ ವಾರಸುದಾರರಾಗಲಿ ಆ ಬಳಿಕವೂ ಬ್ಯಾಂಕಿಗೆ ಅರ್ಜಿ ಕೊಟ್ಟು ಹಿಂದಕ್ಕೆ ಪಡೆಯಬಹುದು. ಇಂಥ ಠೇವಣಿಗಳನ್ನು ಹುಡುಕಲೆಂದೇ 2023ರಲ್ಲಿ ರಿಸರ್ವ್ ಬ್ಯಾಂಕು ‘ಉದ್ಗಮ್’ ಎಂಬ ಏರ್ಪಾಡನ್ನು ಅಂತರಜಾಲದಲ್ಲಿ ತೆರೆಯಿತು. ಆದರೆ ಎಲ್ಲಿ ಹುಡುಕಬೇಕೆಂಬುದಕ್ಕಿಂತ ಮೊದಲು, ಹುಡುಕಬೇಕಾದ ಹಣವೊಂದಿದೆಯೆಂಬುದು ತಿಳಿದಿರಬೇಕಲ್ಲವೆ? ಅದನ್ನು ತಿಳಿಸುವುದು ಮನೆಯ ಟಿಪ್ಪಣಿ ಪುಸ್ತಕ ಮಾತ್ರ.

ನಾಮಿನಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ನಾಮಿನಿಯಾದವನೇ ಹಣದ ಒಡೆಯನೆಂದು ಹಲವರು ನಂಬಿದ್ದಾರೆ. ಸಾಮಾನ್ಯವಾಗಿ ನಾಮಿನಿ ಹಣವನ್ನು ಪಡೆದುಕೊಳ್ಳುವ ಕೈ ಮಾತ್ರ, ಒಡೆತನ ವಾರಸುದಾರರದು. ಜೀವವಿಮೆಯ ಬಗ್ಗೆ 1983ರಲ್ಲಿಯೂ, ಕಂಪನಿಗಳ ಷೇರುಗಳ ಬಗ್ಗೆ 2023ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಇದನ್ನೇ ಹೇಳಿದೆ. ವಿಮೆಯ ಕಾನೂನು 2015ರಲ್ಲಿ ತಿದ್ದುಪಡಿಯಾದ ಮೇಲೆ, ತಂದೆತಾಯಿ, ಪತಿಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ ವಿಮೆಯ ಹಣದ ಮಟ್ಟಿಗೆ ಅವರಿಗೇ ಹಕ್ಕು ಸಲ್ಲುತ್ತದೆ. ಬ್ಯಾಂಕಿನ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಮೂವತ್ತು ವರ್ಷಗಳ ಹಿಂದೆ, ಮದುವೆಗೆ ಮುನ್ನ, ತಾಯಿಯ ಹೆಸರನ್ನು ಬರೆದು ಮರೆತವರು ಇಂದೇ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಹೊಲ, ಮನೆ, ಹೆಣ್ಣುಮಕ್ಕಳ ಪಾಲು

ಹಳ್ಳಿಗಳಲ್ಲಿ ಇಂದಿಗೂ ಅನೇಕ ಪಹಣಿಗಳು ಸ್ವರ್ಗಸ್ಥರಾದ ಅಜ್ಜಂದಿರ ಹೆಸರಿನಲ್ಲಿವೆ. ‘ಭೂಮಿ’ ಯೋಜನೆಯಿಂದಾಗಿ ಪಹಣಿ ಗಣಕಯಂತ್ರದಿಂದ ಕ್ಷಣಮಾತ್ರದಲ್ಲಿ ಹೊರಬರುತ್ತದೆ, ನಿಜ. ಆದರೆ ಯಂತ್ರಕ್ಕೆ ಅಜ್ಜ ತೀರಿಕೊಂಡದ್ದು ತಾನಾಗಿ ತಿಳಿಯುವುದಿಲ್ಲ. ಮರಣಪತ್ರ, ವಂಶವೃಕ್ಷ ಇವನ್ನು ಒದಗಿಸಿ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಕೆಲಸ ಸುಲಭ, ತಡವಾದಷ್ಟೂ ತೊಡಕು.

ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟುಬಿಡುವ ಚಾಳಿಯುಂಟು. ಇದು ಅನ್ಯಾಯವಷ್ಟೇ ಅಲ್ಲ, ಮುಂದಿನ ವ್ಯಾಜ್ಯಕ್ಕೆ ಬಿತ್ತಿದ ಬೀಜವೂ ಹೌದು. ಹಿಂದೂ ಅವಿಭಕ್ತ ಕುಟುಂಬಗಳ ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿಯೇ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು. 2005ರ ತಿದ್ದುಪಡಿ ಅದನ್ನು ದೇಶದಲ್ಲೆಲ್ಲ, ವಿವಾಹಿತೆಯರಿಗೂ ವಿಸ್ತರಿಸಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುನ್ನ ನೋಂದಣಿಯಾದ ವಿಭಾಗಪತ್ರಗಳಿಗೆ ಈ ತಿದ್ದುಪಡಿಯಿಂದ ಬಾಧಕವಿಲ್ಲ. ಹಳೆಯ ವಿಭಾಗಪತ್ರವೊಂದು ಇಡೀ ಕುಟುಂಬದ ಭವಿಷ್ಯವನ್ನು ನಿರ್ಧರಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಕೊಡುವ ಮುನ್ನ

ವೃದ್ಧರ ಬದುಕನ್ನು ಬೀದಿಗೆ ತರುವ ಕಾಗದಗಳಲ್ಲಿ ದಾನಪತ್ರಕ್ಕೆ ಅಗ್ರಸ್ಥಾನ. “ಹೇಗಿದ್ದರೂ ಅವನಿಗೇ ಸೇರತಕ್ಕದ್ದು” ಎಂದು ಇದ್ದೊಂದು ಮನೆಯನ್ನು ಮಗನ ಹೆಸರಿಗೆ ಮಾಡಿಕೊಟ್ಟ ತಾಯಿ, ವರ್ಷ ತುಂಬುವಷ್ಟರಲ್ಲಿ ಅದೇ ಮನೆಯ ಹಿತ್ತಿಲ ಕೋಣೆಗೆ ಅತಿಥಿಯಾಗುವುದುಂಟು.

ಇಂಥವರಿಗಾಗಿಯೇ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ ರೂಪುಗೊಂಡಿತು. ಪೋಷಿಸಬೇಕೆಂಬ ಷರತ್ತಿಗೆ ಒಳಪಟ್ಟು ಆಸ್ತಿಯನ್ನು ಪಡೆದವನು ಪೋಷಿಸದೆ ಹೋದರೆ ಆ ವರ್ಗಾವಣೆಯನ್ನು ರದ್ದುಪಡಿಸಬಹುದೆಂದು ಅದರ 23ನೆಯ ಕಲಮು ಹೇಳುತ್ತದೆ. ಕರ್ನಾಟಕದಲ್ಲಿ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನೇತೃತ್ವದ ನ್ಯಾಯಮಂಡಳಿಗೆ ಸಲ್ಲಿಸಬೇಕು.

ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾಗದದ ಮಹಿಮೆ ತಿಳಿಯುತ್ತದೆ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದರಲ್ಲಿ ತಾಯಿ ತನ್ನ ಹಕ್ಕನ್ನು ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟಿದ್ದಳು. ಪೋಷಣೆಯ ಷರತ್ತಿನ ಮೇಲೆ ಬಿಟ್ಟುಕೊಟ್ಟದ್ದೆಂಬುದಕ್ಕೆ ಆಧಾರವಿಲ್ಲವೆಂದು ಆಕೆಯ ಕೋರಿಕೆ ಬಿದ್ದುಹೋಯಿತು. ಇನ್ನೊಂದು, ಮಧ್ಯಪ್ರದೇಶದ ತಾಯಿಯೊಬ್ಬಳದು. ಆಕೆ 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟಳು. ಕೊನೆಯವರೆಗೂ ತಂದೆತಾಯಿಯರನ್ನು ನೋಡಿಕೊಳ್ಳುವೆನು, ತಪ್ಪಿದರೆ ದಾನವನ್ನು ಹಿಂದಕ್ಕೆ ಪಡೆಯಬಹುದು ಎಂಬರ್ಥದ, ಮಗನೇ ಬರೆದುಕೊಟ್ಟನೆನ್ನಲಾದ ವಚನಪತ್ರವೊಂದು ಆಕೆಯ ಬಳಿ ಇತ್ತು. ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದಲ್ಲಿ ಸೋತ ಆಕೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಳು. 2025ರ ಜನವರಿಯಲ್ಲಿ ನ್ಯಾಯಾಲಯ ಆ ಪತ್ರವನ್ನೂ ದಾನಪತ್ರದೊಡನೆ ಕೂಡಿಸಿ ಓದಿ, ದಾನವನ್ನು ರದ್ದುಪಡಿಸಿ, ಆಸ್ತಿಯನ್ನು ಆಕೆಗೆ ಹಿಂದಿರುಗಿಸಿತು. ಪ್ರೀತಿಯಿಂದ ಕೊಡುವುದು ತಪ್ಪಲ್ಲ. ಆದರೆ ಪ್ರೀತಿಯ ಷರತ್ತೂ ದಾನಪತ್ರದೊಳಗೇ ಬರೆಯಲ್ಪಟ್ಟಿರಲಿ, ಸಾಧ್ಯವಾದರೆ ಬದುಕಿರುವವರೆಗೆ ವಾಸದ ಹಕ್ಕನ್ನೂ ಉಳಿಸಿಕೊಂಡಿರಲಿ.

ಉಯಿಲೆಂಬುದು ಅಪಶಕುನವಲ್ಲ

ಉಯಿಲಿನ ಮಾತೆತ್ತಿದರೆ ಸಾವನ್ನು ಕರೆದಂತೆ ಎಂದು ಅಂಜುವವರಿದ್ದಾರೆ. ನಿಜಕ್ಕೂ ಉಯಿಲು ಬದುಕಿರುವವರ ಅಧಿಕಾರ. ದಾನಪತ್ರ ನೋಂದಣಿಯಾದೊಡನೆ ಸಾಮಾನ್ಯವಾಗಿ ಆಸ್ತಿ ಕೈಬಿಡುತ್ತದೆ. ಉಯಿಲು ಬರೆದವನ ಜೀವ ಇರುವ ತನಕ ಆಸ್ತಿ ಅವನದೇ, ಮನಸ್ಸು ಬದಲಾದರೆ ಉಯಿಲನ್ನೂ ಬದಲಾಯಿಸಬಹುದು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಬರೆದವನ ಸಹಿ ಮತ್ತು ಕನಿಷ್ಠ ಇಬ್ಬರ ಸಾಕ್ಷಿ ಸಹಿ ಅಗತ್ಯ. ಲಾಭ ಪಡೆಯುವವರು ಸಾಕ್ಷಿಗಳಾಗದಿರುವುದು ಕ್ಷೇಮ. ಬರೆದವರಿಗಿಂತ ಕಿರಿಯರಾದ ಸಾಕ್ಷಿಗಳು ಉತ್ತಮ. ಸ್ವಯಾರ್ಜಿತವನ್ನು ಇಷ್ಟಬಂದಂತೆ ಹಂಚಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ. ಬೇಕೆನಿಸಿದರೆ ಮುಚ್ಚಿ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿಯಿಡುವ ಅವಕಾಶವೂ 1908ರ ನೋಂದಣಿ ಅಧಿನಿಯಮದಲ್ಲಿದೆ. ತನ್ನೊಬ್ಬನ ಹೆಸರಿನ ಲಾಕರಿನೊಳಗೆ ಉಯಿಲನ್ನಿಟ್ಟು ಬೀಗದ ಗುಟ್ಟನ್ನು ತನ್ನೊಡನೆ ಒಯ್ಯುವುದು ಮಾತ್ರ ಬೇಡ.

ಕೈಸಾಲದ ಮಾತು

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಸಾಲ ಕೊಟ್ಟುದನ್ನು ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡ ಮಾತ್ರಕ್ಕೆ ನ್ಯಾಯಾಲಯದಲ್ಲಿ ಅದು ರುಜುವಾತಾಗುವುದಿಲ್ಲ. ಪಡೆದವನ ಸಹಿ ಬೇಕು. ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಆ ಅವಧಿ ಮುಗಿಯುವ ಮೊದಲೇ ಸಾಲಗಾರನು ಋಣವನ್ನು ಒಪ್ಪಿ ಬರೆದು ಸಹಿ ಹಾಕಿಕೊಟ್ಟರೆ ಅಂದಿನಿಂದ ಹೊಸ ಮೂರು ವರ್ಷಗಳು ದೊರೆಯುತ್ತವೆ. ತೀರಿಸಿದ ಸಾಲದ ರಸೀತಿಯೂ ಅಷ್ಟೇ ಬೆಲೆಯುಳ್ಳದ್ದು. ಮನೆಯ ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಮೂಲ ಪತ್ರಗಳನ್ನೂ ಋಣಮುಕ್ತ ಪತ್ರವನ್ನೂ ಪಡೆದು, ಋಣಭಾರ ಪತ್ರದಲ್ಲಿ ಆ ಹೊರೆ ಅಳಿಸಿತೇ ಎಂದು ನೋಡಿದಲ್ಲದೆ ಸಾಲ ತೀರಿತೆನ್ನಲಾಗದು.

ಕಡತ ಕಟ್ಟುವ ಬಗೆ

ಇದಕ್ಕೆಲ್ಲ ದೊಡ್ಡ ಖರ್ಚೇನೂ ಇಲ್ಲ. ಒಂದು ಗಟ್ಟಿರಟ್ಟಿನ ನೋಟುಪುಸ್ತಕ, ಐದಾರು ಲಕೋಟೆಗಳು, ಒಂದು ಭಾನುವಾರದ ಮಧ್ಯಾಹ್ನ, ಇಷ್ಟು ಸಾಕು. ಗುರುತಿನ ಪತ್ರಗಳು, ಪಿಂಚಣಿ, ಬ್ಯಾಂಕು ಮತ್ತು ವಿಮೆ, ಆಸ್ತಿ ಮತ್ತು ತೆರಿಗೆ, ಸಾಲ, ವೈದ್ಯಕೀಯ ಎಂದು ಲಕೋಟೆಗಳ ಮೇಲೆ ಬರೆದು, ಯಾವುದರಲ್ಲಿ ಏನಿದೆ, ಮೂಲಪ್ರತಿ ಎಲ್ಲಿದೆ, ನಾಮಿನಿ ಯಾರು ಎಂಬುದನ್ನು ನೋಟುಪುಸ್ತಕದಲ್ಲಿ ನಮೂದಿಸಬೇಕು. ವೈದ್ಯಕೀಯ ಲಕೋಟೆಯಲ್ಲಿ ನಿತ್ಯ ಸೇವಿಸುವ ಔಷಧಗಳ, ಒಗ್ಗದ ಔಷಧಗಳ ಪಟ್ಟಿಯೂ ಇರಲಿ. ನಕಲುಗಳನ್ನು ಬೇರೊಂದು ಮನೆಯಲ್ಲಿ, ನಂಬಿಕೆಯ ಮಗಳ ಅಥವಾ ಮಗನ ಬಳಿ ಇಟ್ಟರೆ ಬೆಂಕಿ, ನೀರು, ಗೆದ್ದಲುಗಳ ಭಯವಿರದು. ಎಟಿಎಂ ಗುಟ್ಟಿನ ಸಂಖ್ಯೆ, ಪಾಸ್‌ವರ್ಡುಗಳನ್ನು ಮಾತ್ರ ಈ ಪುಸ್ತಕದಲ್ಲಿ ಬರೆಯಕೂಡದು. ದೂರವಾಣಿಯಲ್ಲಿ ಅಧಿಕಾರಿಯೆಂದು ಗದರಿಸಿ ಕೇಳುವವನಿಗಂತೂ ಹೇಳಲೇಕೂಡದು. ಹಾಗೆ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಿರಿಯರ ಬೇರೆ ಕಷ್ಟಗಳಿಗೆ 14567 ಸಹಾಯವಾಣಿಯಿದೆ.

ವರ್ಷಕ್ಕೊಮ್ಮೆ ಕಡತವನ್ನು ಬಿಚ್ಚಿ ನೋಡಲು ಆಯುಧಪೂಜೆಗಿಂತ ಒಳ್ಳೆಯ ದಿನ ಬೇರೊಂದಿಲ್ಲ. ಲೆಕ್ಕದ ಪುಸ್ತಕಕ್ಕೆ ಅಂದು ಅರಿಶಿನ ಕುಂಕುಮವಿಡುವ ಮನೆಗಳಲ್ಲಿ, ಅದನ್ನು ತೆರೆದು ಓದಿದರೂ ಪೂಜೆಗೆ ಭಂಗವೇನಾಗದು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಆ ಭಾನುವಾರದ ಮಧ್ಯಾಹ್ನ ಯಜಮಾನರು ಒಬ್ಬರೇ ಕೂಡಬಾರದು, ಮನೆಯಾಕೆಯೂ ಪಕ್ಕದಲ್ಲಿರಬೇಕು. ಒಂದೊಂದು ಪತ್ರವನ್ನೂ ಆಕೆಯ ಕೈಗೆ ಕೊಟ್ಟು, ಇದು ಇಂಥದು, ಇದಕ್ಕೆ ಇಂಥಲ್ಲಿ ಹೋಗಬೇಕು ಎಂದು ಹೇಳಬೇಕು. “ನಿನಗೇಕೆ ಆ ಚಿಂತೆ” ಎಂಬ ಮಾತಿನಲ್ಲಿ ಅಕ್ಕರೆ ಇರಬಹುದು. ಆದರೆ ಆ ಅಕ್ಕರೆ ಹೇಳಿದವರ ಜೊತೆಯಲ್ಲೇ ಹೊರಟುಹೋಗುತ್ತದೆ. “ಇಲ್ಲಿದೆ ನೋಡು, ಮೂರನೆಯ ಲಕೋಟೆಯಲ್ಲಿ” ಎಂಬ ಮಾತು, ಹೇಳಿದವರು ಇಲ್ಲವಾದ ಮೇಲೂ ಆಕೆಯ ಕೈಹಿಡಿದು ನಡೆಸುತ್ತದೆ.