ವಿಳಾಸದ ಕಾವಲು

ದೇವನಹಳ್ಳಿ ತಾಲ್ಲೂಕಿನ ವಿಜಯಪುರವು ರೇಷ್ಮೆಗೆ ಹೆಸರಾದ ಊರು. ಅಲ್ಲಿಯ ನೂರು ಮಂದಿ ಬೆಳೆಗಾರರಿಗೆ ಗೂಡಿನ ಧಾರಣೆಯನ್ನು ಮಿಂಚಂಚೆಯ ಮೂಲಕ ತಿಳಿಸಬೇಕಾಗಿದೆಯೆಂದು ಭಾವಿಸೋಣ. ಎಲ್ಲರ ವಿಳಾಸಗಳನ್ನೂ ಎಲ್ಲರಿಗೂ ಕಾಣುವಂತೆ ನಮೂದಿಸಿದರೆ, ಒಂದು ಪ್ರತಿ ವಂಚಕರ ಕೈಸೇರಿದರೂ ನೂರು ವಿಳಾಸಗಳು ಅವರ ಪಾಲಾಗುವುವು.

ಇದು ಬರಿಯ ಊಹೆಯಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬಾತನು ಅರ್ಪಾನೆಟ್ ಎಂಬ ಗಣಕಜಾಲದ ಬಳಕೆದಾರರ ಅಚ್ಚಾದ ಕೈಪಿಡಿಯಿಂದ ವಿಳಾಸಗಳನ್ನು ಆಯ್ದು, ಸುಮಾರು 400 ಮಂದಿಗೆ ತನ್ನ ಸಂಸ್ಥೆಯ ಗಣಕಯಂತ್ರಗಳ ಜಾಹೀರಾತನ್ನು ಕಳುಹಿಸಿದನು. ಬೇಡದ ಮಿಂಚಂಚೆಗೆ ಇದೇ ಮೊದಲೆಂದು ಹೇಳುವರು. ಕೈಪಿಡಿಯಿದ್ದುದು ಪರಸ್ಪರ ಸಂಪರ್ಕಕ್ಕೇ ಹೊರತು ವ್ಯಾಪಾರಕ್ಕಲ್ಲ! ಇಂದು ಆ ಆಯುವ ಕೆಲಸವನ್ನು ಯಂತ್ರಗಳೇ ಮಾಡುತ್ತವೆ.

ಆದುದರಿಂದ ಬಲ್ಲವರು ವಿಳಾಸಗಳನ್ನು ‘ಬಿಸಿಸಿ’ ಎಂಬ ಗುಪ್ತಪ್ರತಿಯ ಅಂಕಣದಲ್ಲಿ ಬರೆಯುವರು. ಇದರಿಂದ ಹೆಚ್ಚಿನ ಶ್ರಮವೇನೂ ಇಲ್ಲ. ಓಲೆಯು ಎಲ್ಲರನ್ನೂ ತಲುಪುವುದು. ಒಬ್ಬರ ವಿಳಾಸ ಮತ್ತೊಬ್ಬರಿಗೆ ಕಾಣದು.