ಪರದೇಶದ ಇಂಧನವೂ ಡೀಸೆಲ್ ಮೋಟಾರುಮನೆಯೂ

ಎತ್ತಿನ ಬಂಡಿಯಲ್ಲಿ ದೂರ ಪ್ರಯಾಣ ಹೊರಟವರು, ಮುಂದಿನ ತಂಗುದಾಣದಲ್ಲಿ ಮೇವು ನೀರು ದೊರೆಯುವುವೇ ಎಂಬುದನ್ನು ಮೊದಲು ವಿಚಾರಿಸುತ್ತಿದ್ದರು. ಯಂತ್ರದ ಬಂಡಿ ಬಂದ ಮೇಲೆ ಈ ಚಿಂತೆ ತೀರಿತೆಂದು ತೋರಬಹುದು; ವಾಸ್ತವವಾಗಿ ಅದು ರೂಪಾಂತರ ಹೊಂದಿದೆಯೇ ಹೊರತು ತೀರಿಲ್ಲ. ಯುರೋಪಿನವರು ಮೋಟಾರ್‌ಹೋಮ್ ಎಂದು ಕರೆಯುವ ಬಂಡಿಯೇ ಇದಕ್ಕೆ ನಿದರ್ಶನ. ಹಾಸಿಗೆ, ಒಲೆ, ನೀರಿನ ತೊಟ್ಟಿ ಮೊದಲಾದುವನ್ನೊಳಗೊಂಡ ಈ ಮೋಟಾರುಮನೆಗಳು ಬಹುಮಟ್ಟಿಗೆ ಡೀಸೆಲ್ಲಿನಿಂದ ನಡೆಯತಕ್ಕವು. ಸ್ಪೇನಿನ ಆಲ್ಜೆಸಿರಾಸ್ ರೇವಿನಲ್ಲಿ ಇವನ್ನು ಹಡಗಿಗೆ ಹತ್ತಿಸಿ, ಮೊರಾಕೊ ದೇಶಕ್ಕೂ, ಅಲ್ಲಿಂದ ತೆಂಕಲಾಗಿ ಮಾರಿಟೇನಿಯಾ, ಸೆನೆಗಲ್‌ಗಳಿಗೂ ನಡೆಸಿಕೊಂಡು ಹೋಗುವವರುಂಟು. ಹಾಗೆ ಹೋಗುವ ಬಂಡಿ ಹೊಸದಾದಷ್ಟೂ ಇಂಧನದ ವಿಷಯದಲ್ಲಿ ಎಚ್ಚರಿಕೆ ಹೆಚ್ಚಾಗಿ ಬೇಕಾಗುತ್ತದೆ. ಇದರ ಕಾರಣವು ವಿಚಾರಯೋಗ್ಯವಾಗಿದೆ.

ರುಡೋಲ್ಫ್ ಡೀಸೆಲ್ ಎಂಬ ಜರ್ಮನ್ ಶಿಲ್ಪಿಯ ಎಂಜಿನ್ನು 1897ರಲ್ಲಿ ಸಫಲವಾಗಿ ನಡೆಯಿತು. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನವು ಹೊತ್ತಿಕೊಳ್ಳುವುದು ಅದರ ತತ್ತ್ವ. ಕಿಡಿಯ ಅವಶ್ಯಕತೆಯಿಲ್ಲದ ಈ ಯಂತ್ರವು ಒರಟು ಎಣ್ಣೆಗಳನ್ನೂ ಸಹಿಸಿಕೊಳ್ಳುತ್ತಿದ್ದಿತು. ಆದರೆ ನೆಲದಿಂದ ತೆಗೆದ ಎಣ್ಣೆಯಲ್ಲಿ ಸಹಜವಾಗಿಯೇ ಗಂಧಕವಿರುತ್ತದೆ. ಅದು ಉರಿದಾಗ ಗಂಧಕದ ಆಮ್ಲಾನಿಲಗಳು ಹುಟ್ಟಿ, ಗಾಳಿಯನ್ನೂ ಉಸಿರಾಡುವವರನ್ನೂ ಕೆಡಿಸುತ್ತವೆ. ಆದುದರಿಂದ ಯುರೋಪಿನಲ್ಲಿ ಗಂಧಕದ ಮಿತಿಯನ್ನು ಕ್ರಮವಾಗಿ ಇಳಿಸಲಾಯಿತು. ಹತ್ತು ಲಕ್ಷ ಭಾಗ ಡೀಸೆಲ್ಲಿನಲ್ಲಿ ಇರಬಹುದಾದ ಗಂಧಕವು 1996ರಲ್ಲಿ 500 ಭಾಗ, 2000ದಲ್ಲಿ 350, 2005ರಲ್ಲಿ 50, 2009ರಲ್ಲಿ 10 ಎಂದು ನಿಯತವಾಯಿತು. ಭಾರತದಲ್ಲಿಯೂ 2020ನೆಯ ಏಪ್ರಿಲ್ 1ರಿಂದ, ಭಾರತ್ ಹಂತ 6 ಎಂಬ ನಿಯಮದ ಮೂಲಕ, ಇದೇ 10 ಭಾಗದ ಮಿತಿ ದೇಶಾದ್ಯಂತ ಜಾರಿಗೆ ಬಂದಿತು.

ಎಲ್ಲ ದೇಶಗಳೂ ಒಂದೇ ಕಾಲಕ್ಕೆ ಈ ದಾರಿಯನ್ನು ಹಿಡಿಯಲಿಲ್ಲ. 2016ರಲ್ಲಿ ಸ್ವಿಟ್ಜರ್‌ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆಯು ಆಫ್ರಿಕದ ಬಂಕುಗಳ ಡೀಸೆಲ್ಲನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ, ಮಾಲಿ ದೇಶದ ಒಂದು ಮಾದರಿಯಲ್ಲಿ 3,780 ಭಾಗ ಗಂಧಕವಿದ್ದುದು ಕಂಡುಬಂದಿತು. ಈ ಅಂಕಿಗಳ ಅರ್ಥವನ್ನು ಒಂದು ಲೆಕ್ಕದಿಂದ ಗ್ರಹಿಸಬಹುದು. 80 ಲೀಟರು ಡೀಸೆಲ್ಲಿನ ತೂಕ ಸುಮಾರು 67 ಕಿಲೋಗ್ರಾಂ. 10 ಭಾಗದ ಇಂಧನವಾದರೆ ಅದರೊಳಗಿನ ಗಂಧಕ ಒಂದು ಗ್ರಾಮಿಗೂ ಕಡಿಮೆ. 3,780 ಭಾಗದ್ದಾದರೆ ಕಾಲು ಕಿಲೋಗ್ರಾಮಿಗೂ ಹೆಚ್ಚು.

ಹೊಸ ಬಂಡಿಯ ಹೊಗೆಯ ಮಾರ್ಗದಲ್ಲಿ ಮುಖ್ಯವಾಗಿ ಮೂರು ಅಂಗಗಳಿರುತ್ತವೆ. ಮೊದಲನೆಯದು ಪ್ಲಾಟಿನಮ್ ಮುಂತಾದ ಲೋಹಗಳನ್ನು ಲೇಪಿಸಿದ ವೇಗವರ್ಧಕ. ಎರಡನೆಯದು ಮಸಿಯ ಕಣಗಳನ್ನು ತಡೆಹಿಡಿಯುವ ಶೋಧಕ. ಮೂರನೆಯದು ಯೂರಿಯಾ ದ್ರಾವಣದ ಸಹಾಯದಿಂದ ಸಾರಜನಕದ ಆಕ್ಸೈಡುಗಳನ್ನು ನಿರಪಾಯಕರವಾದ ಸಾರಜನಕವನ್ನಾಗಿ ಮಾಡತಕ್ಕ ಪಾತ್ರೆ. ಗಂಧಕವು ಹೆಚ್ಚಾದಾಗ ವೇಗವರ್ಧಕದ ಮೇಲ್ಮೈಯನ್ನು ಆಕ್ರಮಿಸಿ ಅದನ್ನು ಮಂಕಾಗಿಸುತ್ತದೆ. ಶೋಧಕದಲ್ಲಿ ಕೂಡಿದ ಮಸಿಯನ್ನು ಆಗಾಗ್ಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡಬೇಕು. ಆ ಕಾವನ್ನು ಹುಟ್ಟಿಸುವುದರಲ್ಲಿ ವೇಗವರ್ಧಕದ ಪಾತ್ರ ದೊಡ್ಡದು. ಮುಂದಿನದು ಮಂಕಾದರೆ ಹಿಂದಿನದು ಕಟ್ಟಿಕೊಳ್ಳುವುದು ಸಹಜವೇ ಆಗಿದೆ. ಆಗ ಎಚ್ಚರಿಕೆಯ ದೀಪ ಹೊತ್ತಿ ಎಂಜಿನ್ನಿನ ಶಕ್ತಿ ಕುಂದುತ್ತದೆ.

ಕೆಡುಕು ಇಷ್ಟಕ್ಕೇ ನಿಲ್ಲುವುದಿಲ್ಲ. ಗಂಧಕದ ಅನಿಲವು ನೀರಾವಿಯೊಡನೆ ಸೇರಿ ಗಂಧಕಾಮ್ಲವಾಗಿ ಎಂಜಿನ್ ಎಣ್ಣೆಯೊಳಕ್ಕೆ ಇಳಿಯುತ್ತದೆ. ಈ ಆಮ್ಲವನ್ನು ಅಡಗಿಸಲು ಎಣ್ಣೆಯಲ್ಲಿ ಕ್ಷಾರಗುಣವುಳ್ಳ ದ್ರವ್ಯಗಳನ್ನು ಬೆರೆಸಿರುತ್ತಾರೆ. ಆದರೆ ಅವು ಉರಿದು ಉಳಿಯುವ ಬೂದಿಯು ಶೋಧಕವನ್ನು ತುಂಬುವುದರಿಂದ, ಹೊಸ ಬಂಡಿಗಳಿಗೆ ಬೂದಿ ಕಡಿಮೆಯಾದ ಎಣ್ಣೆಯನ್ನೇ ವಿಧಿಸಿದೆ. ಅಂತಹ ಎಣ್ಣೆಯಲ್ಲಿ ಕ್ಷಾರದ ಸಂಗ್ರಹವೂ ಸಾಮಾನ್ಯವಾಗಿ ಕಡಿಮೆ. ಹೀಗೆ ಶುದ್ಧ ಇಂಧನವನ್ನು ನಂಬಿ ಮಾಡಿದ ಏರ್ಪಾಡೇ ಅಶುದ್ಧ ಇಂಧನದೆದುರು ದುರ್ಬಲವಾಗುತ್ತದೆ. ಇದಲ್ಲದೆ, ಅಜಾಗರೂಕತೆಯಿಂದ ಶೇಖರಿಸಿದ ಡೀಸೆಲ್ಲಿನಲ್ಲಿ ನೀರೂ ಧೂಳೂ ಸೇರಿರಬಹುದು. ಅತ್ಯಧಿಕ ಒತ್ತಡದಲ್ಲಿ ಇಂಧನವನ್ನು ಚಿಮ್ಮಿಸುವ ಇಂದಿನ ಪಂಪು ಇಂಜೆಕ್ಟರುಗಳಿಗೆ ಇವು ಗಂಧಕಕ್ಕಿಂತ ಬೇಗನೆ ಹಾನಿ ಮಾಡುತ್ತವೆ.

ಪ್ರಯಾಣಿಕನು ಅನುಸರಿಸತಕ್ಕ ಕ್ರಮವು ಈ ಕಾರಣಗಳಿಂದಲೇ ಹೊರಡುತ್ತದೆ. ಒಳ್ಳೆಯ ಇಂಧನ ದೊರೆಯುವ ಕೊನೆಯ ಊರಿನಲ್ಲಿ ತೊಟ್ಟಿಯನ್ನು ಪೂರ್ತಿಯಾಗಿ ತುಂಬಬೇಕು. ಮುಂದೆ, ಮಾರಾಟ ಹೆಚ್ಚಾಗಿದ್ದು ಸರಕು ಹಳತಾಗದ ಬಂಕುಗಳನ್ನೇ ಆರಿಸಬೇಕು. ಇಂಧನದ ಶೋಧಕಗಳನ್ನು ಹೆಚ್ಚಾಗಿ ಒಯ್ದು, ಅವುಗಳಲ್ಲಿ ನಿಂತ ನೀರನ್ನು ಆಗಾಗ್ಗೆ ಬಸಿಯಬೇಕು. ಎಂಜಿನ್ ಎಣ್ಣೆಯನ್ನು ನಿಯಮಿತ ಅವಧಿಗೆ ಮುಂಚೆಯೇ ಬದಲಾಯಿಸಬೇಕು. ಊರೊಳಗಿನ ಗಿಡ್ಡ ಓಡಾಟಕ್ಕಿಂತ ಹೆದ್ದಾರಿಯ ದೀರ್ಘ ಓಟವು ಮಸಿಯನ್ನು ಸುಡಲು ಅನುಕೂಲ. ಯೂರಿಯಾ ದ್ರಾವಣವು ಎಲ್ಲೆಡೆ ಸಿಕ್ಕದು. ಅದು ಮುಗಿದು ಬಂಡಿಯನ್ನು ನಿಲ್ಲಿಸಿದರೆ ಎಂಜಿನ್ನು ಮತ್ತೆ ಹೊರಡದಂತೆ ಏರ್ಪಾಡಿರುವುದರಿಂದ, ಅದನ್ನೂ ಸಂಗಡ ಒಯ್ಯುವುದು ಯುಕ್ತ. ಗಂಧಕ 50 ಭಾಗದೊಳಗಿದ್ದರೆ ಕೆಲವು ವಾರಗಳ ಪ್ರಯಾಣಕ್ಕೆ ಭಯ ಸ್ವಲ್ಪ. ಸಾವಿರಗಳನ್ನು ಮುಟ್ಟಿದರೆ ಯಾವ ಎಚ್ಚರಿಕೆಯೂ ಸಂಪೂರ್ಣ ರಕ್ಷೆಯಾಗಲಾರದು.

ಕೆಲವರು ಶೋಧಕವನ್ನೇ ಕಿತ್ತುಹಾಕಿ ನಿಶ್ಚಿಂತರಾಗಲು ಬಯಸುತ್ತಾರೆ. ಇದು ಯುರೋಪಿನಲ್ಲಿ ನಿಷಿದ್ಧ; ಬ್ರಿಟನ್ನಿನಲ್ಲಿ 2014ನೆಯ ಫೆಬ್ರವರಿಯಿಂದ ಅಂತಹ ಬಂಡಿ ವಾರ್ಷಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ನ್ಯಾಯದ ದೃಷ್ಟಿಯಿಂದಲೂ ಇದು ಸಲ್ಲದು. ತನ್ನ ಊರಿನಲ್ಲಿ ಬಿಡಲಾಗದ ಹೊಗೆಯನ್ನು ಅತಿಥಿಯಾಗಿ ಹೋದ ನಾಡಿನಲ್ಲಿ ಬಿಟ್ಟು ಬರುವುದು ಅತಿಥಿಧರ್ಮವಲ್ಲ.

ಪ್ರಯಾಣಿಕನಿಗೆ ಈ ತೊಂದರೆ ಕೆಲವು ವಾರಗಳದು. ಆ ನಾಡಿನ ಜನರಿಗಾದರೋ ಅದು ನಿತ್ಯದ ಉಸಿರು. ಘಾನಾ ದೇಶವು 2017ನೆಯ ಜುಲೈ 1ರಿಂದ ಆಮದು ಡೀಸೆಲ್ಲಿನ ಗಂಧಕದ ಮಿತಿಯನ್ನು 3,000 ಭಾಗದಿಂದ 50ಕ್ಕೆ ಒಮ್ಮೆಗೇ ಇಳಿಸಿತು. ಇಂತಹ ನಿಯಮವು ನಡೆದೆಡೆಯಲ್ಲಿ ಮೋಟಾರುಮನೆಯ ಚಿಂತೆ ತಾನಾಗಿಯೇ ಹಗುರವಾಗುತ್ತದೆ. ಆದರೆ ಅದರ ಮುಖ್ಯ ಫಲವು ಸಲ್ಲತಕ್ಕದ್ದು ದಾರಿಹೋಕನಿಗಲ್ಲ, ದಾರಿಯ ಬದಿಯಲ್ಲಿ ಮನೆ ಕಟ್ಟಿಕೊಂಡು ಬಾಳುವವರಿಗೆ.