ಭಿನ್ನಕಾಲದ ಆಟಗಾರರ ಯೋಗ್ಯತಾಂಕ: ಅದರ ಗಣನೆಯ ಕ್ರಮ ಮತ್ತು ಮಿತಿ

ಕೆಳದಿಯ ಅರಸರ ಇಕ್ಕೇರಿ ವರಹವು, ರಾಜಧಾನಿಯು ಬಿದನೂರಿಗೆ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಸಾಗಿಹೋದ ಮೇಲೆಯೂ ಇಕ್ಕೇರಿ ವರಹವೆಂದೇ ಹೆಸರಾಗಿದ್ದಿತು. ಹತ್ತು ವರಹಗಳೆಂದರೆ ಇಂದಿನ ಎಷ್ಟು ರೂಪಾಯಿಗಳೆಂದು ವಿದ್ಯಾರ್ಥಿಯೊಬ್ಬನು ಕೇಳಿದರೆ, ಬಲ್ಲ ಅಧ್ಯಾಪಕರು ಒಡನೆಯೇ ಒಂದು ಸಂಖ್ಯೆಯನ್ನು ಹೇಳಿಬಿಡುವುದಿಲ್ಲ. ಆ ಹಣಕ್ಕೆ ಅಂದು ಎಷ್ಟು ಭತ್ತ ದೊರೆಯುತ್ತಿದ್ದಿತು, ಎಷ್ಟು ದಿನದ ಕೂಲಿ ಸಲ್ಲುತ್ತಿದ್ದಿತು ಎಂಬುದನ್ನು ಮೊದಲು ವಿಚಾರಿಸುತ್ತಾರೆ. ಸಂಖ್ಯೆಗೆ ಅದು ಚಲಾವಣೆಯಲ್ಲಿದ್ದ ಕಾಲದಿಂದಲೇ ಬೆಲೆ ಬರುತ್ತದೆ. ಆಟಗಾರರು ಗಳಿಸಿದ ಅಂಕಗಳಿಗೂ ಈ ನಿಯಮವು ಅನ್ವಯಿಸುತ್ತದೆ. ಭಿನ್ನಕಾಲದ ಆಟಗಾರರನ್ನು ಒಂದೇ ಮಾನದಿಂದ ಅಳೆಯುವುದು ಹೇಗೆ, ಆ ಅಳತೆ ಎಲ್ಲಿಯವರೆಗೆ ನಂಬಲರ್ಹ ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪ್ರಶ್ನೆಯು ಬಹುಕಾಲದವರೆಗೆ ಹರಟೆಯ ವಿಷಯವಾಗಿಯೇ ಉಳಿದಿದ್ದಿತು. ಅದಕ್ಕೆ ಖಚಿತವಾದ ಸಂಖ್ಯೆಯ ರೂಪವನ್ನು ಕೊಡಲೇಬೇಕಾದ ಅನಿವಾರ್ಯತೆಯನ್ನು ತಂದವುಗಳಲ್ಲಿ ಬ್ಯಾಸ್ಕೆಟ್‌ಬಾಲ್ ವೀಡಿಯೋ ಆಟಗಳು ಮುಖ್ಯವಾದುವು. 1999ರಲ್ಲಿ ಆರಂಭವಾದ 'ಎನ್.ಬಿ.ಎ. 2ಕೆ' ಎಂಬ ಮಾಲಿಕೆಯಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಗರಿಷ್ಠ 99ರ ಮಾನದಲ್ಲಿ ಒಂದು ಯೋಗ್ಯತಾಂಕವಿರುತ್ತದೆ. ದೂರದಿಂದ ಚೆಂಡೆಸೆಯುವುದು, ಸಹ ಆಟಗಾರನಿಗೆ ಒದಗಿಸುವುದು, ಮರುಪುಟಿದ ಚೆಂಡನ್ನು ಹಿಡಿಯುವುದು, ಎದುರಾಳಿಯನ್ನು ತಡೆಯುವುದು ಮುಂತಾದ ಅನೇಕ ಗುಣಗಳಿಗೆ ಬೇರೆಬೇರೆಯಾಗಿ ಅಂಕವಿತ್ತು, ಆಟಗಾರನು ನಿಲ್ಲುವ ಸ್ಥಾನಕ್ಕೆ ಯಾವ ಗುಣವು ಹೆಚ್ಚು ಅಗತ್ಯವೋ ಅದಕ್ಕೆ ಹೆಚ್ಚು ತೂಕ ಕೊಟ್ಟು, ಈ ಒಟ್ಟಂಕವನ್ನು ಕಟ್ಟುತ್ತಾರೆ. ಇಂದಿನ ಆಟಗಾರರ ಅಂಕಗಳನ್ನು ಪಂದ್ಯಗಳ ಫಲಿತಾಂಶ ನೋಡಿ ಋತುವಿನ ನಡುವೆಯೇ ತಿದ್ದಬಹುದು. 2010ರಲ್ಲಿ ಮೈಕೆಲ್ ಜೋರ್ಡನ್‌ರನ್ನೂ ಅವರ ಕಾಲದ ತಂಡಗಳನ್ನೂ, ಮರುವರ್ಷ ಇನ್ನೂ ಹಿಂದಿನ ಬಿಲ್ ರಸೆಲ್ ಮೊದಲಾದವರನ್ನೂ ಆಟದೊಳಕ್ಕೆ ತಂದಾಗ ನಿಜವಾದ ತೊಡಕು ಎದುರಾಯಿತು. ಅರವತ್ತರ ದಶಕದ ಆಟಗಾರನೂ ಇಂದಿನವನೂ ಒಂದೇ ಅಂಕಣದಲ್ಲಿ ಎದುರುಬದುರಾಗಿ ನಿಲ್ಲಬೇಕಾದರೆ ಇಬ್ಬರಿಗೂ ಒಂದೇ ಅಳತೆಗೋಲು ಬೇಕು.

ದಾಖಲೆಯ ಸಂಖ್ಯೆಗಳನ್ನು ಇದ್ದಂತೆಯೇ ತೆಗೆದುಕೊಂಡರೆ ಏನಾಗುವುದೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. 1961-62ರ ಋತುವಿನಲ್ಲಿ ಆಸ್ಕರ್ ರಾಬರ್ಟ್‌ಸನ್‌ರು ಪಂದ್ಯವೊಂದಕ್ಕೆ ಸರಾಸರಿ 30.8 ಅಂಕ, 12.5 ರೀಬೌಂಡ್, 11.4 ಅಸಿಸ್ಟ್ ಗಳಿಸಿದರು. 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್‌ರು ಗಳಿಸಿದ ಸರಾಸರಿ ಕ್ರಮವಾಗಿ 31.6, 10.7 ಮತ್ತು 10.4. ರೀಬೌಂಡಿನಲ್ಲಿ ರಾಬರ್ಟ್‌ಸನ್‌ರೇ ಮೇಲೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ 1961-62ರಲ್ಲಿ ಒಂದು ತಂಡವು ಪಂದ್ಯವೊಂದಕ್ಕೆ ಬುಟ್ಟಿಯತ್ತ ಸುಮಾರು 108 ಬಾರಿ ಚೆಂಡೆಸೆಯುತ್ತಿದ್ದಿತು. ಅವುಗಳಲ್ಲಿ ಸುಮಾರು 62 ಗುರಿ ತಪ್ಪುತ್ತಿದ್ದುವು. 2016-17ರಲ್ಲಿ ಎಸೆತಗಳು ಸುಮಾರು 85, ತಪ್ಪಿದವು ಸುಮಾರು 46. ಗುರಿ ತಪ್ಪಿದ ಚೆಂಡಲ್ಲವೆ ರೀಬೌಂಡಾಗುವುದು? ತಪ್ಪುಗಳು ಹೆಚ್ಚಿದ್ದ ಕಾಲದಲ್ಲಿ ರೀಬೌಂಡುಗಳೂ ಹೆಚ್ಚಾಗಿದ್ದುವು. ಆಗ ಒಂದು ತಂಡದ ಸರಾಸರಿ ರೀಬೌಂಡುಗಳು ಸುಮಾರು 71, ಈಚಿನ ಋತುವಿನಲ್ಲಿ ಸುಮಾರು 43. ಈ ಸರಾಸರಿಗೆ ಹೋಲಿಸಿದರೆ ರಾಬರ್ಟ್‌ಸನ್‌ರ ಪಾಲು ಶೇಕಡ 18ರಷ್ಟು, ವೆಸ್ಟ್‌ಬ್ರೂಕ್‌ರ ಪಾಲು ಶೇಕಡ 25ರಷ್ಟು ಆಗುತ್ತದೆ. ಕ್ರಮವು ತಲೆಕೆಳಗಾಯಿತು. ಆದುದರಿಂದ ಗಳಿಕೆಯನ್ನು ಬಿಟ್ಟು, ಅಂದು ಲಭ್ಯವಿದ್ದುದರಲ್ಲಿ ಆಟಗಾರನು ಪಡೆದ ಪಾಲನ್ನು ನೋಡುವುದೇ ಈ ವಿಧಾನದ ಮೊದಲನೆಯ ಸೂತ್ರ.

ಈ ಸೂತ್ರವು ಹಳಬರನ್ನು ಕುಗ್ಗಿಸಲು ಹೂಡಿದ ಉಪಾಯವೆಂದು ಯಾರಾದರೂ ಶಂಕಿಸಬಹುದು. ಅದು ಹಾಗಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷ್ಯವುಂಟು. 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥರು 91 ಟೆಸ್ಟ್ ಪಂದ್ಯಗಳಲ್ಲಿ 41.93ರ ಸರಾಸರಿಯಲ್ಲಿ 6,080 ಓಟಗಳನ್ನು ಗಳಿಸಿದರು. ಮುಂದಿನ ಪೀಳಿಗೆಯ ರಾಹುಲ್ ದ್ರಾವಿಡರು 164 ಪಂದ್ಯಗಳಲ್ಲಿ 52.31ರ ಸರಾಸರಿಯಲ್ಲಿ 13,288 ಓಟಗಳನ್ನು ಗಳಿಸಿದರು. ಸರಾಸರಿಯನ್ನೇ ಪ್ರಮಾಣವೆಂದು ಹಿಡಿದರೆ ಚರ್ಚೆಗೆ ಎಡೆಯೇ ಇಲ್ಲ. ಆದರೆ 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತವು 190 ಓಟಗಳಿಗೆ ಕುಸಿದಾಗ ವಿಶ್ವನಾಥರು ಔಟಾಗದೆ 97 ಗಳಿಸಿದ್ದರು. ಆ ಸರದಿಯಲ್ಲಿ ಆಂಡಿ ರಾಬರ್ಟ್ಸ್‌ರು 64 ಓಟಗಳಿಗೆ 7 ವಿಕೆಟ್ ಪಡೆದರು. ಇಂದಿನ ಶಿರಸ್ತ್ರಾಣ ಆಗ ಬಳಕೆಗೆ ಬಂದಿರಲಿಲ್ಲ. ತಂಡದ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಬ್ಬರದು. ಆ ಪಂದ್ಯವನ್ನು ಭಾರತವೇ ಗೆದ್ದಿತು. ಬ್ಯಾಟುಗಾರರ ದಾಖಲೆಯ ಪಟ್ಟಿಯಲ್ಲಿ ಶತಕಗಳ ಅಂಕಣಕ್ಕೆ ಇದು ಸೇರುವುದೇ ಇಲ್ಲ. ಅವರು ಶತಕ ಹೊಡೆದ 14 ಟೆಸ್ಟ್‌ಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲವೆಂಬ ಸಂಗತಿಯೂ ಸರಾಸರಿಯಲ್ಲಿ ಕಾಣುವುದಿಲ್ಲ. ಪಾಲಿನ ಸೂತ್ರವು ಅಲ್ಲಿ ರಾಬರ್ಟ್‌ಸನ್‌ರ ಸಂಖ್ಯೆಯನ್ನು ಇಳಿಸಿತು. ಇಲ್ಲಿ ವಿಶ್ವನಾಥರ ಸಂಖ್ಯೆಯನ್ನು ಏರಿಸುತ್ತದೆ. ಇದರಿಂದ ದ್ರಾವಿಡರ ಹಿರಿಮೆಗೆ ಯಾವ ಕುಂದೂ ಬರುವುದಿಲ್ಲ. ಅವರ ಸರದಿಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಕ್ರಿಕೆಟ್ಟಿನಲ್ಲಿ ಈ ತೂಕವನ್ನು ಕ್ರಮಬದ್ಧವಾಗಿ ಮಾಡಿದವರುಂಟು. 1987ರಲ್ಲಿ ಇಂಗ್ಲೆಂಡಿನ ಮಾಜಿ ನಾಯಕ ಟೆಡ್ ಡೆಕ್ಸ್‌ಟರ್‌ರ ಮುಂದಾಳ್ತನದಲ್ಲಿ ರೂಪುಗೊಂಡ ಪದ್ಧತಿಯನ್ನು ಅನಂತರ ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆಯು ತನ್ನದಾಗಿಸಿಕೊಂಡಿತು. ಎದುರಾಳಿ ಬೌಲರುಗಳ ಸಾಮರ್ಥ್ಯ, ಆ ಪಂದ್ಯದಲ್ಲಿ ಉಳಿದವರು ಗಳಿಸಿದ ಓಟಗಳ ಮಟ್ಟ ಮೊದಲಾದುವನ್ನು ಪರಿಗಣಿಸಿ, ಈಚಿನ ಸರದಿಗಳಿಗೆ ಹೆಚ್ಚು ತೂಕವಿತ್ತು, ಸಾವಿರದ ಮಾನದಲ್ಲಿ ಅಂಕ ಕೊಡುವುದು ಇದರ ಕ್ರಮ. ಹಿಂದಿನ ಕಾಲದ ಟೆಸ್ಟ್‌ಗಳಿಗೂ ಇದನ್ನು ಅನ್ವಯಿಸಿದಾಗ ಬ್ಯಾಟುಗಾರರಲ್ಲಿ ಡಾನ್ ಬ್ರಾಡ್ಮನ್‌ರಿಗೆ 961 ಎಂಬ ಅತ್ಯುನ್ನತ ಅಂಕ ದೊರೆಯಿತು.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದು ಅವಶ್ಯಕ. ಆಟಗಾರನು ತನ್ನ ಸಮಕಾಲೀನರಿಗಿಂತ ಎಷ್ಟು ಎತ್ತರದಲ್ಲಿದ್ದನು ಎಂಬುದು ಒಂದು. ಅವನನ್ನು ಇಂದಿನ ಅಂಕಣದಲ್ಲಿ ನಿಲ್ಲಿಸಿದರೆ ಹೇಗೆ ಆಡುವನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ದಾಖಲೆಯಿಂದ ಉತ್ತರ ದೊರೆಯುತ್ತದೆ. ಎರಡನೆಯದಕ್ಕೆ ಊಹೆಯಿಂದ ಮಾತ್ರ. ಕ್ರಿಕೆಟ್ಟಿನ ಪದ್ಧತಿಯು ಮೊದಲನೆಯದನ್ನಷ್ಟೇ ಕೇಳುತ್ತದೆ. ವೀಡಿಯೋ ಆಟವಾದರೋ ಎರಡನೆಯದಕ್ಕೆ ಉತ್ತರ ಕೊಡಲೇಬೇಕು. ಎನ್.ಬಿ.ಎ.ಯಲ್ಲಿ ಮೂರಂಕದ ಗೆರೆ ಬಂದುದು 1979-80ರಲ್ಲಿ. 1974ರಲ್ಲಿ ನಿವೃತ್ತರಾದ ಜೆರಿ ವೆಸ್ಟ್‌ರ ದೂರದ ಎಸೆತಗಳಿಗೆ ಎರಡೇ ಅಂಕ ಸಲ್ಲುತ್ತಿದ್ದುವು. ಅವರ ಮೂರಂಕದ ಎಸೆತದ ಯೋಗ್ಯತೆ ಎಷ್ಟು? ಅವರ ಆಟದ ಚಲನಚಿತ್ರಗಳೂ ಫ್ರೀ ಥ್ರೋಗಳ ದಾಖಲೆಯೂ ಆಧಾರವಾಗಬಲ್ಲವೇ ಹೊರತು ನೇರವಾದ ಪ್ರಮಾಣವಾಗಲಾರವು. 2022ರ ಆವೃತ್ತಿಯಲ್ಲಿ ಆಯಾ ಕಾಲದ ನಿಯಮಗಳಂತೆಯೇ ಆಡುವ ಏರ್ಪಾಡನ್ನು ತಂದುದು ಈ ತೊಡಕಿಗೆ ಒಂದು ಪರಿಹಾರ. ಆದರೆ ಅಲ್ಲಿಯ ಅತ್ಯಂತ ಹಳೆಯ ಘಟ್ಟವೂ 1983ರಿಂದೀಚಿನದು.

ಇದಕ್ಕಿಂತಲೂ ಗಹನವಾದುದು ಎಣಿಸದೆ ಬಿಟ್ಟವುಗಳ ಪ್ರಶ್ನೆ. ಬುಟ್ಟಿಯತ್ತ ಹೊರಟ ಚೆಂಡನ್ನು ತಡೆಯುವ ಬ್ಲಾಕ್, ಎದುರಾಳಿಯಿಂದ ಚೆಂಡನ್ನು ಕಸಿಯುವ ಸ್ಟೀಲ್, ಇವೆರಡನ್ನೂ ಎನ್.ಬಿ.ಎ.ಯು ಅಧಿಕೃತವಾಗಿ ಎಣಿಸತೊಡಗಿದ್ದು 1973-74ರಿಂದ. 13 ಋತುಗಳಲ್ಲಿ 11 ಬಾರಿ ತಂಡಕ್ಕೆ ಪ್ರಶಸ್ತಿ ತಂದು 1969ರಲ್ಲಿ ನಿವೃತ್ತರಾದ ಬಿಲ್ ರಸೆಲ್‌ರ ಕೀರ್ತಿಯೆಲ್ಲ ಇಂತಹ ರಕ್ಷಣೆಯ ಆಟದಿಂದಲೇ ಬಂದುದು. ಅವರ ಬ್ಲಾಕುಗಳ ಅಧಿಕೃತ ಲೆಕ್ಕ ಮಾತ್ರ ಇಲ್ಲ. ಎಣಿಸದಿದ್ದುದನ್ನು ಸೊನ್ನೆಯೆಂದು ಭಾವಿಸಿದರೆ ಅತಿಶ್ರೇಷ್ಠ ರಕ್ಷಕನು ಸಾಮಾನ್ಯನಾಗಿಬಿಡುತ್ತಾನೆ. ಆದುದರಿಂದ ಕಂಡವರ ಸಾಕ್ಷ್ಯವನ್ನೂ ಎದುರಾಡಿದವರ ಮಾತನ್ನೂ ಗಣನೆಗೆ ತರಬೇಕಾಗುತ್ತದೆ. ಇದು ಶಾಸನವಿಲ್ಲದೆಡೆಯಲ್ಲಿ ಚರಿತ್ರಕಾರನು ಐತಿಹ್ಯವನ್ನು ಪರೀಕ್ಷಿಸಿ ಸ್ವೀಕರಿಸುವಂತೆಯೇ ಸರಿ.

ಅವಕಾಶವೇ ವಿರಳವಾಗಿದ್ದವರ ಪರಿಯು ಇನ್ನೊಂದು ಬಗೆಯದು. 1976ರಲ್ಲಿ ಭಾರತದ ಮಹಿಳಾ ತಂಡವು ತನ್ನ ಮೊದಲ ಟೆಸ್ಟನ್ನು ಬೆಂಗಳೂರಿನಲ್ಲಿ ಆಡಿದಾಗ ನಾಯಕಿಯಾಗಿದ್ದವರು ಶಾಂತಾ ರಂಗಸ್ವಾಮಿಯವರು. ಅವರಿಗೆ ಒಟ್ಟು ದೊರೆತುದು 16 ಟೆಸ್ಟ್‌ಗಳು ಮಾತ್ರ. ಇಷ್ಟು ಅಲ್ಪವಾದ ಆಧಾರದ ಮೇಲೆ ಕಟ್ಟಿದ ಯಾವ ಸರಾಸರಿಯೂ ಆಟಗಾರ್ತಿಯ ಶಕ್ತಿಯನ್ನು ಹೇಳುವುದಕ್ಕಿಂತ ಆ ಕಾಲವು ಆಕೆಗೆ ಇತ್ತ ಅವಕಾಶವನ್ನೇ ಹೆಚ್ಚಾಗಿ ಹೇಳುತ್ತದೆ.

ಯೋಗ್ಯತಾಂಕವು ವಿನೋದಕ್ಕಾಗಿ ಹುಟ್ಟಿದುದಾದರೂ ಅದರ ಪರಿಣಾಮವು ವಿನೋದದಲ್ಲಿಯೇ ಮುಗಿಯುವುದಿಲ್ಲ. ರಸೆಲ್‌ರ ಆಟವನ್ನು ಕಾಣದ ತರುಣನಿಗೆ ಪರದೆಯ ಮೇಲಿನ ಎರಡಂಕಿಯೇ ರಸೆಲ್ ಆಗಿಬಿಡುತ್ತದೆ. ಅಂಕವು ಸ್ಮರಣೆಯ ಸ್ಥಾನವನ್ನು ಆಕ್ರಮಿಸುತ್ತದೆ. ಆದುದರಿಂದ ಇಂತಹ ಸಂಖ್ಯೆಯನ್ನು ಕಂಡಾಗ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು: ಇದು ಯಾರೊಡನೆ ಹೋಲಿಸಿ ಬಂದುದು? ಯಾವ ನಿಯಮದ ಕಾಲದ್ದು? ಯಾವುದನ್ನು ಎಣಿಸದೆ ಬಿಟ್ಟಿದೆ?

ಮೂರನೆಯ ಪ್ರಶ್ನೆಯು ನಮ್ಮ ಸೀಮೆಗೂ ಸಂಬಂಧಿಸಿದುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಶಾಲಾ ಕಾಲೇಜು ಮೈದಾನಗಳಲ್ಲಿ ಆಡಿದವರ ಯೋಗ್ಯತೆಯನ್ನು ಮುಂದೊಮ್ಮೆ ಯಾರಾದರೂ ಅಳೆಯಲು ಹೊರಟರೆ ಅವರಿಗೆ ಬೇಕಾಗುವುದು ಪಂದ್ಯಗಳ ಅಂಕಪುಸ್ತಕಗಳು. ಮಲೆನಾಡಿನ ಮಳೆಗೂ ಗೆದ್ದಲಿಗೂ ಕಾಗದವು ಬಹುಬೇಗ ತುತ್ತಾಗುತ್ತದೆಂಬುದನ್ನು ಬಲ್ಲ ನಾವು, ಕಾಲೇಜುಗಳ ಕ್ರೀಡಾಕೊಠಡಿಗಳಲ್ಲಿ ಉಳಿದಿರಬಹುದಾದ ಅಂಕಪುಸ್ತಕಗಳನ್ನು ಗ್ರಂಥಾಲಯಕ್ಕೆ ಸೇರಿಸಿ, ಅವುಗಳ ಪ್ರತಿ ತೆಗೆಸಿ, ಹಿರಿಯ ಆಟಗಾರರ ಹೇಳಿಕೆಗಳನ್ನು ಅವರು ಇರುವಾಗಲೇ ಬರೆದಿಡುವುದು ಯುಕ್ತ. ಗಣಿತವು ಎಷ್ಟೇ ಸೂಕ್ಷ್ಮವಾಗಿದ್ದರೂ ಯಾರೂ ಬರೆದಿಡದ ಆಟಕ್ಕೆ ಅದು ಅಂಕ ಕೊಡಲಾರದು.